ವಿದ್ಯಾಕೇಂದ್ರಗಳೂ ಗ್ರಂಥರಕ್ಷಣೆಯೂ

ಮಧ್ಯಯುಗದ ಇಸ್ಲಾಮೀ ಮತ್ತು ಕ್ರೈಸ್ತ ವಿದ್ಯಾಕೇಂದ್ರಗಳು ನಮ್ಮ ಬಸದಿ, ಮಠ, ಅಗ್ರಹಾರಗಳಂತೆಯೇ ದತ್ತಿಗಳ ಆಶ್ರಯದಲ್ಲಿ ಬೆಳೆದುವು. 11ನೆಯ ಶತಮಾನದಲ್ಲಿ ನಿಜಾಮುಲ್ ಮುಲ್ಕನು ಬಾಗ್ದಾದಿನಲ್ಲಿ ಸ್ಥಾಪಿಸಿದ ಮದರಸವು ವಕ್ಫ್ ಆಸ್ತಿಗಳ ಉತ್ಪನ್ನದಿಂದ ನಡೆಯಿತು. ಯೂರೋಪಿನ ಬೆನೆಡಿಕ್ಟ್ ಪಂಥದ ಮಠಗಳಲ್ಲಿ ಗ್ರಂಥಗಳ ಪ್ರತಿ ತೆಗೆಯುವುದು ಸನ್ಯಾಸಿಗಳ ಕಾರ್ಯಗಳಲ್ಲೊಂದಾಗಿತ್ತು. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ 12ನೆಯ ಶತಮಾನದ ಶಾಸನಗಳೂ ಶೈವ ಆಚಾರ್ಯರ ವಶಕ್ಕೆ ಬಂದ ದತ್ತಿಗಳನ್ನು ಹೇಳುತ್ತವೆ. ಆಶ್ರಯದ ರೀತಿ ಒಂದೇ. ಆದರೆ ಗ್ರಂಥಗಳ ಗತಿ ಬೇರೆ ಬೇರೆಯಾಯಿತು.

ಕರ್ನಾಟಕದಲ್ಲಿ ಇದಕ್ಕೆ ಪ್ರಬಲವಾದ ನಿದರ್ಶನ ಬೀದರಿನದು. ಗೀಲಾನಿನಿಂದ ಬಂದು ಬಹಮನೀ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಮೂರಂತಸ್ತಿನ ಮದರಸವನ್ನು ಕಟ್ಟಿಸಿದನು. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂಬುದು ಪ್ರತೀತಿ. 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಗವಾನನ ವಧೆಯಾಯಿತು. 1657ರಲ್ಲಿ ಬೀದರು ಮೊಗಲರ ಕೈಸೇರಿದ ಬಳಿಕ, ಆ ಶತಮಾನದ ಕೊನೆಯಲ್ಲಿ, ಸಿಡಿಮದ್ದಿನ ಸ್ಫೋಟದಿಂದ ಕಟ್ಟಡದ ದೊಡ್ಡ ಭಾಗ ಕುಸಿಯಿತು. ಇಂದಿಗೂ ಗೋಡೆಗಳು ನಿಂತಿವೆ, ಭಂಡಾರವಿಲ್ಲ.

ಜೈನ ಸಂಪ್ರದಾಯವು ಗ್ರಂಥವನ್ನು ಒಂದೇ ಕಟ್ಟಡಕ್ಕೆ ಒಪ್ಪಿಸಲಿಲ್ಲ. ಶಾಸ್ತ್ರದಾನವು ಇಲ್ಲಿ ಶ್ರಾವಕಧರ್ಮದ ಅಂಗ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಒಂದೆಡೆಯ ಪ್ರತಿ ನಾಶವಾದರೂ ಇನ್ನೊಂದೆಡೆಯದು ಉಳಿಯುವುದು ಇದರ ಫಲ. ಆದರೆ ಈ ಸಂಪ್ರದಾಯಕ್ಕೆ ಇನ್ನೊಂದು ಮುಖವೂ ಉಂಟು. ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಧವಳಾದಿ ತಾಳೆಯೋಲೆಗಳು ಉಳಿದುವು ನಿಜ. ದೀರ್ಘಕಾಲ ಅವು ದರ್ಶನಕ್ಕೆ ಮಾತ್ರ ದೊರೆತು, ಅಧ್ಯಯನಕ್ಕೆ ದೊರೆಯದೆ ಹೋದುವು. ಧವಲಾಟೀಕೆಯ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಪ್ರಕಟವಾದುದು 1939ರಲ್ಲಿ. ರಕ್ಷಣೆ ಗೋಪನವಾದರೆ ವಿದ್ಯೆ ನಿಂತ ನೀರಾಗುತ್ತದೆ.

ಬಳ್ಳಾರಿಯಲ್ಲಿ ಕ್ರೈಸ್ತ ವಿದ್ವತ್ತು ಬೇರೊಂದು ಸಾಧನದೊಡನೆ ಬಂದಿತು. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬೈಬಲನ್ನು ಕನ್ನಡಿಸಿದನು; ಮಿಷನ್ನಿನ ಮುದ್ರಣಾಲಯವೂ ಅಲ್ಲಿ ನಡೆಯಿತು. ಆತನ ಸಹೋದ್ಯೋಗಿ ರೀವನು ನಿಘಂಟನ್ನು ರಚಿಸಿದನು. ಮುಂದೆ ಬಾಸೆಲ್ ಮಿಷನ್ನಿನ ಕಿಟ್ಟೆಲರು ಜೈನ ಕವಿ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿದರು. ಜೈನರು ಓಲೆಯಲ್ಲಿ ಕಾಪಾಡಿದುದನ್ನು ಅಚ್ಚು ಲೋಕಕ್ಕೆ ಬಿಚ್ಚಿಟ್ಟಿತು.

ಆದುದರಿಂದ ವಿದ್ಯಾಕೇಂದ್ರದ ಬಾಳಿಕೆಯನ್ನು ಗೋಡೆಗಳಿಂದ ಅಳೆಯಲಾಗದು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮನೆ, ಮಠ, ಬಸದಿಗಳಲ್ಲಿ ಓಲೆಕಟ್ಟುಗಳಿದ್ದಲ್ಲಿ ಅವುಗಳಿಗೆ ಬೇಕಾದುದು ಬರಿಯ ಪೂಜೆಯಲ್ಲ. ಸೂಚಿ, ಪ್ರತಿ ಮತ್ತು ಪಾಠ. ಶಾಸ್ತ್ರದಾನದ ಹಳೆಯ ಅರ್ಥವೂ ಅದೇ.