ಪೆಟ್ರೋಲಿಯಂ ಉತ್ಪನ್ನಗಳ ಸಾಗಣೆ: ಅಪಾಯದ ವರ್ಗೀಕರಣ

ಕಚ್ಚಾತೈಲ, ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ವಿಮಾನ ಇಂಧನ, ಅಡುಗೆ ಅನಿಲ, ಡಾಂಬರು ಮುಂತಾದವನ್ನು ರಸ್ತೆ, ರೈಲು ಅಥವಾ ಹಡಗಿಗೆ ಏರಿಸುವ ಮೊದಲು ಅವುಗಳ ಅಪಾಯದ ಬಗೆಯನ್ನೂ ಮಟ್ಟವನ್ನೂ ಗೊತ್ತುಮಾಡುವ ಕ್ರಮ. ಯಾವ ಬಗೆಯ ಟ್ಯಾಂಕ್ ಬೇಕು, ಅದರ ಮೇಲೆ ಯಾವ ಫಲಕ ಇರಬೇಕು, ಸೋರಿದರೆ ಅಗ್ನಿಶಾಮಕ ದಳ ನೀರು ಹೊಡೆಯಬೇಕೋ ನೊರೆ ಹೊಡೆಯಬೇಕೋ ಎಂಬುದೆಲ್ಲ ಈ ನಿರ್ಣಯವನ್ನೇ ಆಧರಿಸಿದೆ. ವರ್ಗ ಗೊತ್ತುಮಾಡುವ ಹೊಣೆ ಮುಖ್ಯವಾಗಿ ಸರಕು ಕಳುಹಿಸುವವರದು. ಲಾರಿ ಚಾಲಕ ಅವರ ಕಾಗದವನ್ನು ನಂಬಿ ಹೊರಡುತ್ತಾನೆ.

ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಮೊದಲು ಪ್ರಕಟಿಸಿದ ಶಿಫಾರಸುಗಳು ಇಂದಿನ ಬಹುತೇಕ ನಿಯಮಗಳ ತಾಯಿಬೇರು. ಇವುಗಳಲ್ಲಿ ಅಪಾಯಕಾರಿ ಸರಕುಗಳಿಗೆ ಒಂಬತ್ತು ವರ್ಗಗಳಿವೆ. ದ್ರವ ಇಂಧನಗಳು ಹೆಚ್ಚಾಗಿ 3ನೇ ವರ್ಗಕ್ಕೆ, ಅಂದರೆ ಬೆಂಕಿ ಹಿಡಿಯುವ ದ್ರವಗಳ ಗುಂಪಿಗೆ ಸೇರುತ್ತವೆ. ಇಲ್ಲಿ ಅಳತೆಗೋಲು ಫ್ಲ್ಯಾಶ್ ಪಾಯಿಂಟ್. ದ್ರವದಿಂದ ಏಳುವ ಆವಿ ಕಿಡಿ ತಾಗಿದೊಡನೆ ಒಮ್ಮೆ ಭಗ್ಗೆನ್ನುವಷ್ಟು ದಟ್ಟವಾಗುವ ಕನಿಷ್ಠ ಉಷ್ಣತೆ ಇದು. 60 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ 3ನೇ ವರ್ಗ. ಅದರೊಳಗೆ ಮತ್ತೆ ಮೂರು ಪ್ಯಾಕಿಂಗ್ ಗ್ರೂಪ್‌ಗಳು: 35 ಡಿಗ್ರಿಯೊಳಗೇ ಕುದಿಯತೊಡಗುವುದು ಮೊದಲನೆಯದು, ಅತ್ಯಂತ ಅಪಾಯದ್ದು, ಫ್ಲ್ಯಾಶ್ ಪಾಯಿಂಟ್ 23ಕ್ಕಿಂತ ಕಡಿಮೆ ಇದ್ದರೆ ಎರಡನೆಯದು, 23ರಿಂದ 60ರವರೆಗೆ ಮೂರನೆಯದು.

ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಹಾಗಾಗಿ ಎಂಥ ಚಳಿಯಲ್ಲೂ ಅದರ ಆವಿ ಸಿದ್ಧವಾಗಿಯೇ ಇರುತ್ತದೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ಗುರುತಿನ ಸಂಖ್ಯೆ ಯುಎನ್ 1203. ಡೀಸೆಲ್‌ಗೆ 1202, ಸೀಮೆಎಣ್ಣೆಗೆ 1223, ವಿಮಾನ ಇಂಧನಕ್ಕೆ 1863, ಕಚ್ಚಾತೈಲಕ್ಕೆ 1267. ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲದ ಉತ್ಪನ್ನಗಳಿಗೆ 1268 ಎಂಬ ಸಾಮಾನ್ಯ ಸಂಖ್ಯೆ ಇದೆ. ಅಡುಗೆ ಅನಿಲ ಒತ್ತಡದಲ್ಲಿ ದ್ರವವಾಗಿದ್ದರೂ 2ನೇ ವರ್ಗದ ಅನಿಲವೇ, ಸಂಖ್ಯೆ 1075. ಡಾಂಬರಿನದು ಬೇರೆಯೇ ಕಥೆ: ಗಟ್ಟಿಯಾಗಿದ್ದಾಗ ಅದಕ್ಕೆ ಯಾವ ಅಪಾಯದ ವರ್ಗವೂ ಇಲ್ಲ. ರಸ್ತೆ ಕೆಲಸಕ್ಕೆಂದು ನೂರು ಡಿಗ್ರಿ ಮೀರಿ ಕಾಯಿಸಿ ಟ್ಯಾಂಕರಿನಲ್ಲಿ ಸಾಗಿಸುವಾಗ ಬಿಸಿಯೇ ಅಪಾಯವಾಗಿ 9ನೇ ವರ್ಗಕ್ಕೆ ಬರುತ್ತದೆ.

ಹೆಸರು ನೋಡಿ ಸಂಖ್ಯೆ ಹಾಕುವುದು ಸುಲಭ. ಪ್ಯಾಕಿಂಗ್ ಗ್ರೂಪ್ ನಿರ್ಧರಿಸುವುದೇ ಕಷ್ಟ. ಪೆಟ್ರೋಲಿಗೆ ಆ ತಾಪತ್ರಯವಿಲ್ಲ. ಋತುವಿಗೆ ತಕ್ಕಂತೆ ಅದರ ಆವಿಯಾಗುವ ಗುಣ ಬದಲಾದರೂ ನಿಯಮ ಅದನ್ನು ಎರಡನೆಯ ಗುಂಪಿಗೇ ಕಟ್ಟಿಹಾಕಿದೆ. ಕಚ್ಚಾತೈಲ ಹಾಗಲ್ಲ. ಒಂದು ಬಾವಿಯದು ಕಾಕಂಬಿಯಂತೆ ಮಂದ, ಇನ್ನೊಂದರದು ಪೆಟ್ರೋಲಿನಷ್ಟೇ ಚುರುಕು. ಮಾದರಿಯನ್ನು ತೆರೆದ ಶೀಶೆಯಲ್ಲಿ ಹಿಡಿದರೆ ಹಗುರ ಅನಿಲಗಳು ಹಾರಿಹೋಗಿ, ಎಣ್ಣೆ ಇರುವುದಕ್ಕಿಂತ ಸಾಧುವಾಗಿ ತೋರುತ್ತದೆ.

ಇದರ ಬೆಲೆ ತಿಳಿದದ್ದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲಾಕ್ ಮೆಗಾಂಟಿಕ್ ಪಟ್ಟಣದಲ್ಲಿ. 2013ರ ಜುಲೈ 6ರ ನಡುರಾತ್ರಿ, ಇಳಿಜಾರಿನ ಮೇಲೆ ನಿಲ್ಲಿಸಿದ್ದ ರೈಲು ತಾನಾಗಿ ಉರುಳಿ ಪಟ್ಟಣದ ನಡುವೆ ಹಳಿ ತಪ್ಪಿತು. 72 ಟ್ಯಾಂಕರುಗಳಲ್ಲಿ 63 ಮಗುಚಿದವು, 47 ಜನ ಸತ್ತರು. ಅವುಗಳಲ್ಲಿದ್ದದ್ದು ಅಮೆರಿಕದ ಉತ್ತರ ಡಕೋಟದಿಂದ ಬಂದ ಬಾಕನ್ ಕಚ್ಚಾತೈಲ. ಕಾಗದದಲ್ಲಿ ಮೂರನೆಯ ಗುಂಪು ಎಂದು ಬರೆದಿತ್ತು, ಪರೀಕ್ಷಿಸಿದಾಗ ಎರಡನೆಯದು ಎಂದು ತೇಲಿತು. ಹಳಿ ತಪ್ಪಲು ವರ್ಗೀಕರಣ ಕಾರಣವಲ್ಲ, ಬ್ರೇಕು ಹಿಡಿಯಲಿಲ್ಲ. ಸರಿಯಾದ ಗುಂಪು ಬರೆದಿದ್ದರೂ ಅಂದಿನ ನಿಯಮದಂತೆ ಅದೇ ದುರ್ಬಲ ಟ್ಯಾಂಕರುಗಳನ್ನು ಬಳಸಬಹುದಿತ್ತು. ಹಾಗಿದ್ದರೂ, ತಾವು ಏನನ್ನು ಸಾಗಿಸುತ್ತಿದ್ದೇವೆಂದು ಸಾಗಣೆಯ ಸರಪಳಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ ಎಂಬುದು ಬಯಲಾಯಿತು. ಮುಂದಿನ ಫೆಬ್ರವರಿಯಲ್ಲಿ ಅಮೆರಿಕ ಕಚ್ಚಾತೈಲದ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, ರೈಲಿನಲ್ಲಿ ಅದನ್ನು ಮೂರನೆಯ ಗುಂಪಿನಡಿ ಸಾಗಿಸದಂತೆ ತಡೆಯಿತು. 2015ರಲ್ಲಿ ಹೊಸ, ಗಟ್ಟಿ ಟ್ಯಾಂಕರುಗಳ ನಿಯಮವೂ ಬಂತು.

ಗಡಿ ದಾಟಿದರೆ ವರ್ಗವೂ ಬದಲಾಗಬಹುದು. ಅಮೆರಿಕದೊಳಗೆ ರಸ್ತೆ, ರೈಲುಗಳಲ್ಲಿ ಸಾಗುವ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ 38 ಡಿಗ್ರಿ ಅಥವಾ ಹೆಚ್ಚಿದ್ದರೆ ಅದನ್ನು ಸಡಿಲ ನಿಯಮಗಳ 'ದಹ್ಯ ದ್ರವ'ವೆಂದು ಕರೆಯಬಹುದು. ಯುರೋಪಿನ ರಸ್ತೆ ಒಪ್ಪಂದವೋ ನೂರು ಡಿಗ್ರಿಯವರೆಗಿನ ಡೀಸೆಲ್ಲನ್ನೂ 3ನೇ ವರ್ಗದಲ್ಲೇ ಇಡುತ್ತದೆ.

ಭಾರತದಲ್ಲಿ ಎರಡು ಲೆಕ್ಕಗಳು ಒಟ್ಟಿಗೆ ನಡೆಯುತ್ತವೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಫ್ಲ್ಯಾಶ್ ಪಾಯಿಂಟ್ 23ಕ್ಕಿಂತ ಕಡಿಮೆ ಇದ್ದರೆ 'ಎ' ವರ್ಗ, 23ರಿಂದ 65ರೊಳಗೆ 'ಬಿ', 65ರಿಂದ 93ರೊಳಗೆ 'ಸಿ'. ಪೆಟ್ರೋಲ್ ಎ, ಡೀಸೆಲ್ ಮತ್ತು ಸೀಮೆಎಣ್ಣೆ ಬಿ, ಫರ್ನೇಸ್ ಆಯಿಲ್ ಸಿ. ಪರವಾನಗಿ, ಟ್ಯಾಂಕರಿನ ವಿನ್ಯಾಸ, ದಾಸ್ತಾನಿನ ಅನುಮತಿ ಇದರಂತೆ. ಮೇಲ್ವಿಚಾರಣೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯದು (ಪೆಸೊ). ರಸ್ತೆಗಿಳಿದ ವಾಹನಕ್ಕೆ ಮಾತ್ರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಅನ್ವಯ: ಯುಎನ್ ಸಂಖ್ಯೆ, ವರ್ಗದ ಚಿಹ್ನೆ, ಹ್ಯಾಜ್‌ಕೆಮ್ ಸಂಕೇತ, ತುರ್ತು ದೂರವಾಣಿ ಸಂಖ್ಯೆ ಇರುವ ಫಲಕ ಕಡ್ಡಾಯ. ಮಂಗಳೂರಿನ ರಿಫೈನರಿಯ ಕಡೆಯಿಂದ ಘಟ್ಟ ಹತ್ತುವ ಪೆಟ್ರೋಲ್ ಟ್ಯಾಂಕರಿನ ಹಿಂದೆ ಕಾಣುವ '3ವೈಇ' ಎಂಬುದು ಹ್ಯಾಜ್‌ಕೆಮ್. 3 ಎಂದರೆ ನೊರೆ ಬಳಸಿ. ವೈ ಎಂದರೆ ಉಸಿರಾಟದ ಸಾಧನ ಧರಿಸಿ, ಚೆಲ್ಲಿದ್ದು ಚರಂಡಿ ಸೇರದಂತೆ ತಡೆಯಿರಿ. ಇ ಎಂದರೆ ಸುತ್ತಲಿನ ಜನರನ್ನು ತೆರವು ಮಾಡುವುದನ್ನು ಯೋಚಿಸಿ. ದಾರಿಹೋಕರಿಗೆ ಇದನ್ನು ಓದಲು ಯಾರೂ ಕಲಿಸಿಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಬೆರಕೆಯಿಂದಲೂ ವರ್ಗ ಜಾರುತ್ತದೆ. ಪೆಟ್ರೋಲ್ ಇಳಿಸಿದ ಟ್ಯಾಂಕರಿಗೆ ತೊಳೆಯದೆ ಡೀಸೆಲ್ ತುಂಬಿದರೆ, ತಳದಲ್ಲಿ ಉಳಿದ ಅಷ್ಟಿಷ್ಟು ಪೆಟ್ರೋಲೇ ಫ್ಲ್ಯಾಶ್ ಪಾಯಿಂಟನ್ನು ಕೆಳಕ್ಕೆ ಎಳೆಯುತ್ತದೆ. ಖಾಲಿ ಟ್ಯಾಂಕರಿನಲ್ಲಿ ಆವಿ ಇರುವವರೆಗೆ ಫಲಕ ತೆಗೆಯುವಂತಿಲ್ಲ. ಎಥನಾಲ್ ಶೇ. 10ರವರೆಗೆ ಇರುವ ಪೆಟ್ರೋಲ್ ವಿಶ್ವಸಂಸ್ಥೆಯ ಪಟ್ಟಿಯಲ್ಲಿ 1203 ಆಗಿಯೇ ಉಳಿಯುತ್ತದೆ. ಅದನ್ನು ಮೀರಿದ ಮಿಶ್ರಣಕ್ಕೆ 3475 ಎಂಬ ಬೇರೆ ಸಂಖ್ಯೆ ಇದೆ. ಮದ್ಯಸಾರ ಸಾಮಾನ್ಯ ನೊರೆಯನ್ನು ಒಡೆಯುವುದರಿಂದ ಅದಕ್ಕೆ ವಿಶೇಷ ನೊರೆ ಬೇಕು. ಹ್ಯಾಜ್‌ಕೆಮ್‌ನಲ್ಲಿ ಅಂಕಿಯ ಮುಂದೆ ಇಡುವ ಒಂದು ಚುಕ್ಕಿ ಅದನ್ನು ಸೂಚಿಸುತ್ತದೆ. ಭಾರತದ ಬಂಕುಗಳಲ್ಲಿ ಈಗ ಮಾರುವ ಶೇ. 20ರ ಮಿಶ್ರಣ, ಆ ಪಟ್ಟಿಯ ಲೆಕ್ಕದಲ್ಲಿ, 3475ಕ್ಕೇ ಸೇರುತ್ತದೆ.