ಮಣಿ: ತೂಕಕ್ಕೆ ಬಾರದ ಒಡವೆ

ಇವತ್ತು ಒಂದು ಪುಟ್ಟ ಪದ ಹಿಡ್ಕೊಂಡು ಕೂತಿದ್ದೀನಿ: ಮಣಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರು ಕೇಳ್ತಿದ್ರೆ ಮೊದಲೇ ಹೇಳಿಬಿಡ್ತೀನಿ, ಕೂಡಾಕ ಹಾಕೋ ಮಣಿ ಅಲ್ಲ ರೀ! ಅದು ಮಣೆ. ಮನೆ ಮನಿ ಆದಂಗ, ಮಣೆ ಮಣಿ ಆಗಿದೆ. ನಾನು ಹೇಳ್ತಿರೋದು ಕೊರಳಿನ ಮಣಿ.

ಸಂಸ್ಕೃತದಲ್ಲಿ ಮಣಿ ಅಂದ್ರೆ ರತ್ನ. ಅಥರ್ವವೇದದಲ್ಲಿ ರಕ್ಷೆಗಾಗಿ ಕಟ್ಟಿಕೊಳ್ಳುವ ತಾಯಿತಕ್ಕೂ ಅದೇ ಹೆಸರು. ನಮ್ಮ ಆಡುಮಾತಿನಲ್ಲಿ ಅರ್ಥ ಇನ್ನೂ ಅಗಲ: ಕಲ್ಲಿರಲಿ, ಗಾಜಿರಲಿ, ಬಂಗಾರವಿರಲಿ, ನಡುವೆ ತೂತಿದ್ದು ದಾರಕ್ಕೆ ಪೋಣಿಸೋಕೆ ಬಂದ್ರೆ ಅದು ಮಣಿ. ಬೆಲೆಯ ಲೆಕ್ಕವೇ ಇಲ್ಲ. ಕೈಯ ಮಣಿಕಟ್ಟು ಇದೆಯಲ್ಲ, ಅದರ ಹೆಸರಿನಲ್ಲೂ ಮಣಿಯನ್ನು ಕಟ್ಟುವ ಜಾಗ ಅನ್ನೋ ಅರ್ಥವೇ ಇದೆ. ದೃಷ್ಟಿ ತಾಗಬಾರದು ಅಂತ ಕೂಸಿನ ಕೈಗೆ ಕರಿಮಣಿ ಕಟ್ಟೋದು ಇವತ್ತಿಗೂ ಅಲ್ಲೇ.

ಈಗ ಮಸ್ಕಿಗೆ ಬನ್ನಿ. ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಊರು, ಈಗ ತಾನೇ ಒಂದು ತಾಲ್ಲೂಕು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಇಲ್ಲಿ ಅಶೋಕನ ಹೆಸರಿರುವ ಶಾಸನ ಪತ್ತೆ ಮಾಡಿದ್ದು ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಅಷ್ಟಾಗಿ ಕಾಣದ ಸಂಗತಿ ಇನ್ನೊಂದಿದೆ. 1954ರಲ್ಲಿ ಬಿ.ಕೆ. ಥಾಪರ್ ಇಲ್ಲಿ ಉತ್ಖನನ ಮಾಡಿದಾಗ ಕಾರ್ನೀಲಿಯನ್ ಅನ್ನೋ ಕೆಂಪು ಕಲ್ಲು, ಅಗೇಟ್, ಚಿಪ್ಪು ಇವುಗಳ ಮಣಿಗಳು ಸಿಕ್ಕವು. ಅಶೋಕನಿಗಿಂತ ಹಿಂದಿನ, ನವಶಿಲಾಯುಗದ ಸಂಸ್ಕೃತಿಯ ಪದರದಲ್ಲೂ ಮಣಿಗಳಿದ್ದವು. ಅಂದ್ರೆ ಕಲ್ಲಿನ ಕೊಡಲಿ ಹಿಡಿದ ಕೈಗಳೂ ಒಡವೆ ಹಾಕಿಕೊಳ್ಳೋ ಆಸೆ ಇಟ್ಕೊಂಡಿದ್ದವು.

ಅದೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪುರಾತನ ಚಿನ್ನದ ಗಣಿಗಾರಿಕೆಯ ಗುರುತುಗಳಿವೆ. ಆದರೆ ಚಿನ್ನ ಒಂದೇ ರೂಪದಲ್ಲಿ ಉಳಿಯೋದು ಅಪರೂಪ. ಅಜ್ಜಿಯ ಸರ ಕರಗಿ ಅವ್ವನ ಬಳೆ ಆಗುತ್ತೆ, ಅದು ಕರಗಿ ಮಗಳ ಓಲೆ. ಕಾಲುವೆಗೆ ನೀರು ಬಾರದೆ ಭತ್ತ ಕೈಕೊಟ್ಟ ವರ್ಷ ಅದೇ ಬಂಗಾರ ಬ್ಯಾಂಕಿಗೆ ಹೋಗುತ್ತೆ. ಅಲ್ಲಿ ಅಡವಿಟ್ಟ ಸರ ತೂಗುವಾಗ ಕರಿಮಣಿಯ ತೂಕ ಕಳೀತಾರೆ. ಸಾಲದ ಲೆಕ್ಕದಲ್ಲಿ ಅದು ಸೊನ್ನೆ.

ನನಗೆ ಅನ್ನಿಸೋದು ಇಷ್ಟು: ಬೆಲೆ ಇದ್ದದ್ದು ಕರಗಿತು, ಬೆಲೆ ಇಲ್ಲದ್ದು ಮಣ್ಣಲ್ಲಿ ಉಳೀತು. ಸಾಮಾನ್ಯ ಜನರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಅವರು ಪೋಣಿಸಿಕೊಂಡ ಮಣಿಗಳಿವೆ.

ನಿಮ್ಮ ಅಜ್ಜಿ ಹತ್ರ ಒಂದ್ಸಲ ಕೇಳಿ, ಅವರ ಕಾಲದಲ್ಲಿ ಯಾವ್ಯಾವ ಮಣಿ ಇದ್ದವು, ಅವಕ್ಕೆ ಏನೇನು ಹೆಸರಿತ್ತು ಅಂತ. ಹಾಗೇ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಮಣಿ ಮಣ್ಣಲ್ಲಿ ಉಳಿಯುತ್ತೆ, ಹೆಸರು ಉಳಿಯಲ್ಲ. ಮುಂದಿನ ಕಂತಿನಲ್ಲಿ ಸಿಗೋಣ.