ಇಕ್ಕಟ್ಟಿನ ಮನೆ ಮತ್ತು ಚಿತ್ರದ ಬೆಳಕು

ಬಡವರ ಮನೆಯ ಕೋಣೆಯನ್ನು ಬೆಳ್ಳಿತೆರೆಯ ಮೇಲೆ ನೋಡುವುದು ಸುಲಭ. ಅದನ್ನು ಚಿತ್ರಿಸುವುದು ಬಹು ಕಷ್ಟ. ಆ ಕಿರುಸ್ಥಳದಲ್ಲಿಯೇ ನಟರು ನಡೆದಾಡಬೇಕು, ಕ್ಯಾಮೆರಾ ನಿಲ್ಲಬೇಕು, ದೀಪಗಳೂ ಇರಬೇಕು; ಆದರೆ ದೀಪಗಳು ಮಾತ್ರ ಕಣ್ಣಿಗೆ ಬೀಳಬಾರದು. ಇದಕ್ಕೆ ಚಿತ್ರಶಾಲೆಗಳು ಬಹುಕಾಲ ಹಿಡಿದ ಉಪಾಯವೆಂದರೆ, ಕೋಣೆಯನ್ನು ಚಾವಣಿಯಿಲ್ಲದೆ ಕಟ್ಟಿ, ಮೇಲಿನಿಂದ ಹಲವು ದೀಪಗಳನ್ನು ನಟರ ಮೇಲೆ ನೇರವಾಗಿ ಹರಿಸುವುದು. ಮುಖಗಳು ಅಂದವಾಗಿ ಕಂಡವು, ನಿಜ. ಆದರೆ ಒಬ್ಬ ಮನುಷ್ಯನಿಗೆ ಎರಡು ಮೂರು ನೆರಳುಗಳು ಬಿದ್ದವು. ಒಂದೇ ಕಿಟಕಿಯ ಮನೆಯಲ್ಲಿ ಇಷ್ಟು ನೆರಳು ಎಲ್ಲಿಂದ ಬಂದೀತು? ಮಾತು ಸತ್ಯವಾಗಿದ್ದರೂ ಬೆಳಕು ಸುಳ್ಳು ಹೇಳುತ್ತಿತ್ತು.

ಈ ಸುಳ್ಳನ್ನು ತೊಡೆದ ಪ್ರಯತ್ನಗಳಲ್ಲಿ ಮುಖ್ಯವಾದ ಒಂದು ಬಂಗಾಳದಲ್ಲಿ ನಡೆಯಿತು. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಚಿತ್ರವು 1956ರಲ್ಲಿ ತೆರೆಕಂಡಿತು. ಕಾಶಿಯ ಒಂದು ಹಳೆಯ ಮನೆಯ ಒಳ ಅಂಗಳ ಅದರಲ್ಲಿ ಬರುತ್ತದೆ. ಅಂತಹ ಅಂಗಳಕ್ಕೆ ಬೆಳಕು ಬರುವುದು ಮೇಲಿನ ಒಂದು ತುಂಡು ಆಕಾಶದಿಂದ. ಆದ್ದರಿಂದ ಅಲ್ಲಿ ಗಾಢವಾದ ನೆರಳಿಲ್ಲ. ಬಯಲಿನಲ್ಲಿಯೇ ಅಂಗಳವನ್ನು ಕಟ್ಟಬೇಕೆಂದಿದ್ದ ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತರು ಮಳೆಗಾಲಕ್ಕೆ ಅಂಜಿ ಅದನ್ನು ಕಲ್ಕತ್ತೆಯ ಚಿತ್ರಶಾಲೆಯೊಳಗೆ ಕಟ್ಟಿದರು. ಆಕಾಶದ ಬೆಳಕನ್ನು ಒಳಗೆ ತರುವುದು ಅಸಾಧ್ಯವೆಂದು ಛಾಯಾಗ್ರಾಹಕ ಸುಬ್ರತ ಮಿತ್ರರು ವಾದಿಸಿದರು, ವಾದ ಫಲಿಸಲಿಲ್ಲ. ಆಗ ಅವರು ಚೌಕಟ್ಟಿಗೆ ಬಿಗಿದ ಬಿಳಿಯ ಬಟ್ಟೆಯನ್ನು ಅಂಗಳದ ಮೇಲೆ ಹರಡಿ, ದೀಪಗಳನ್ನು ನಟರತ್ತ ತಿರುಗಿಸದೆ ಆ ಬಟ್ಟೆಯತ್ತ ತಿರುಗಿಸಿದರು. ಬಟ್ಟೆಯೇ ಆಕಾಶವಾಯಿತು.

ಇದರ ತತ್ತ್ವ ಸರಳವಾದುದು. ಬೆಳಕಿನ ಮೂಲ ಕಿರಿದಾದಷ್ಟೂ ನೆರಳಿನ ಅಂಚು ಹರಿತ. ಮೂಲ ವಿಸ್ತಾರವಾದಷ್ಟೂ ಅಂಚು ಮೃದು. ತರಗತಿಯಲ್ಲಿ ಒಂದು ದೀಪ, ಒಂದು ಬಿಳಿಯ ಕಾಗದ ಇವೆರಡರಿಂದಲೇ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಚದರಿದ ಬೆಳಕು ಕ್ಷೀಣವಾಗುವುದೆಂಬುದು ಈ ಕ್ರಮಕ್ಕೆ ತೆರಬೇಕಾದ ಬೆಲೆ. ಮಿತ್ರರು ‘ಪಥೇರ್ ಪಾಂಚಾಲಿ’ಯ ಕೆಲಸಕ್ಕೆ ಸೇರುವ ಮುನ್ನ ಚಲನಚಿತ್ರದ ಕ್ಯಾಮೆರಾವನ್ನು ನಡೆಸಿದವರೇ ಅಲ್ಲವೆಂಬುದನ್ನು ನೆನೆದರೆ ಈ ಸಾಧನೆಯ ಹಿರಿಮೆ ತಿಳಿದೀತು.

ಬೆಳಕಿನಂತೆಯೇ ನಟರ ನಿಲುವಿಗೂ ಇಕ್ಕಟ್ಟಿನಲ್ಲಿ ಯೋಜನೆ ಬೇಕು. ಇದಕ್ಕೆ ನಿದರ್ಶನ 1957ರ ಅಮೆರಿಕದ ಚಿತ್ರ ‘ಟ್ವೆಲ್ವ್ ಆಂಗ್ರಿ ಮೆನ್’. ಒಬ್ಬ ಹುಡುಗನ ಪ್ರಾಣವನ್ನು ನಿರ್ಣಯಿಸಲು ಹನ್ನೆರಡು ಪಂಚರು ಒಂದೇ ಮೇಜಿನ ಸುತ್ತ ಕುಳಿತಿದ್ದಾರೆ. ಚಿತ್ರದ ಬಹುಭಾಗ ಆ ಕೋಣೆಯನ್ನು ಬಿಟ್ಟು ಹೊರಡುವುದೇ ಇಲ್ಲ. ನಿರ್ದೇಶಕ ಸಿಡ್ನಿ ಲುಮೆಟ್ ಎರಡು ವಾರ ತಾಲೀಮು ನಡೆಸಿದರು. ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಒಂದು ಕುರ್ಚಿಗೆ ಬೆಳಕು ಹೊಂದಿಸಿದರೆ, ಆ ಬೆಳಕಿನಲ್ಲಿ ಅಲ್ಲಿ ನಡೆಯಬೇಕಾದುದನ್ನೆಲ್ಲ ಒಮ್ಮೆಗೇ ಚಿತ್ರಿಸುತ್ತಿದ್ದರು. ಹೀಗಾಗಿ ಒಬ್ಬನ ಪ್ರಶ್ನೆಗೂ ಇನ್ನೊಬ್ಬನ ಉತ್ತರಕ್ಕೂ ನಡುವೆ ದಿನಗಳೇ ಕಳೆದದ್ದುಂಟು. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವೆ ಕಣ್ಣಿನ ಮಟ್ಟದಲ್ಲಿ, ಕಡೆಗೆ ಅದಕ್ಕಿಂತ ಕೆಳಗೆ. ಕೊನೆಯಲ್ಲಿ ಚಾವಣಿಯೂ ಕಾಣಿಸಿ, ಗೋಡೆಗಳು ಒತ್ತರಿಸಿ ಬಂದಂತೆ ಭಾಸವಾಗುತ್ತದೆ. ಕೋಣೆ ಬದಲಾಗಲಿಲ್ಲ, ನೋಡುವ ನೆಲೆ ಬದಲಾಯಿತು.

ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರನ್ನು ಇಲ್ಲಿ ಸ್ಮರಿಸುವುದು ಉಚಿತ. 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಅವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಚಿತ್ರಶಾಲೆಯೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಮಿತ್ರರದು ಚದರಿದ ಬೆಳಕು, ಮೂರ್ತಿಯವರದು ತೀಕ್ಷ್ಣವಾದ ಬೆಳಕು. ಮಾರ್ಗಗಳು ಬೇರೆ, ಬಟ್ಟೆ, ಕನ್ನಡಿಗಳಂತಹ ಸಾಮಾನ್ಯ ವಸ್ತುಗಳಲ್ಲಿ ಇಟ್ಟ ನಂಬಿಕೆ ಒಂದೇ.

ಸ್ಥಳದ ಕೊರತೆ ಕಲೆಯ ಕೊರತೆಯಲ್ಲ. ಈ ಕೋಣೆಗೆ ಬೆಳಕು ಯಾವ ಕಡೆಯಿಂದ ಬರುತ್ತದೆ, ಇಲ್ಲಿ ಬದುಕುವವನು ಎಲ್ಲಿ ನಿಲ್ಲುತ್ತಾನೆ ಎಂಬ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದವರಿಗೆ ಕಿರಿದಾದ ಅಂಗಳವೂ ಸಾಕಾಯಿತು.